ಪಾಯಿಂಟ್ 22ಕ್ಕೆ ಬ್ಯಾರೆಲ್ ಟ್ಯೂನರ್: ನಮ್ಮ ಹಿರಿಯರನ್ನು ಒಪ್ಪಿಸುವುದು ಹೇಗೆ?

ಗುರಿಕಾರ_ಗೋಣಿಕೊಪ್ಪ
ಎಲ್ಲರಿಗೂ ನಮಸ್ಕಾರ. ನನ್ನ ಪಾಯಿಂಟ್ 22, ಅಂದರೆ 0.22 ಇಂಚು ಬೋರಿನ ಬೋಲ್ಟ್ ಆಕ್ಷನ್ ರೈಫಲ್‌ಗೆ ಟ್ಯೂನರ್ ಹಾಕಿಸಿದ್ದೇನೆ. ಗೊತ್ತಿಲ್ಲದವರಿಗೆ ಒಂದು ಮಾತು. ಅದು ಬ್ಯಾರೆಲ್ ತುದಿಯಲ್ಲಿ ಕೂರುವ ಲೋಹದ ಭಾರ. ತಿರುಗಿಸಿದರೆ ತಿರುಪಿನ ಮರೆ ಮೇಲೆ ಚೂರು ಹಿಂದೆ, ಚೂರು ಮುಂದೆ ಸರಿಯುತ್ತದೆ. ಈಡು ಹಾರಿದಾಗ ಬ್ಯಾರೆಲ್ ನಡುಗುತ್ತದಲ್ಲ, ಗುಂಡು ಆ ನಡುಕದ ಯಾವ ಹಂತದಲ್ಲಿ ಹೊರಗೆ ಬೀಳಬೇಕು ಎಂದು ಹೊಂದಿಸುವುದು ಅದರ ಕೆಲಸ. 50 ಮೀಟರ್‌ನಲ್ಲಿ ನನ್ನ ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ತೂತಿನ ಗುಂಪು, ಮೇಲೆ ಕೆಳಗೆ ಹರಡುವುದು ಚೆನ್ನಾಗಿ ಕಡಿಮೆಯಾಗಿದೆ.

ಆದರೆ ಜೊತೆಯಲ್ಲಿ ಅಭ್ಯಾಸ ಮಾಡುವ ಹಿರಿಯರು ಯಾರೂ ನಂಬುತ್ತಿಲ್ಲ. "ಕೋವಿಗೆ ಬಳೆ ತೊಡಿಸಿದ್ದೀಯಾ" ಎಂದು ನಗುತ್ತಾರೆ. ಟಾರ್ಗೆಟ್ ಕಾಗದ ತೋರಿಸಿದರೆ "ಒಳ್ಳೇದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಒಲೆಗೆ ಹಾಕಿದ್ದೀಯಾ" ಎನ್ನುತ್ತಾರೆ. ಟ್ಯೂನರ್ ಬಳಸುವವರು ಇಲ್ಲಿ ಯಾರಾದರೂ ಇದ್ದೀರಾ? ಇವರನ್ನು ಒಪ್ಪಿಸಲು ಏನು ದಾರಿ?

ಕಾಫಿಕಣ
ಹಬ್ಬದ ಪೈಪೋಟಿಯಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯಲು ಟ್ಯೂನರ್ ಬೇಕಾ ಮಾರಾಯ? ಕಾಯಿಗೇ ಟ್ಯೂನರ್ ಹಾಕು, ಅದೇ ಬಂದು ಗುಂಡಿಗೆ ಬೀಳುತ್ತದೆ 😄

ಗುರಿಕಾರ_ಗೋಣಿಕೊಪ್ಪ
ತೆಂಗಿನಕಾಯಿಗೆ ಅಲ್ಲ ಅಣ್ಣ. ನಾನು ಹೇಳುತ್ತಿರುವುದು 50 ಮೀಟರ್ ಕಾಗದದ ಟಾರ್ಗೆಟ್. ಅದರಲ್ಲಿ ಹತ್ತರ ವೃತ್ತದ ಅಗಲ 10.4 ಮಿ.ಮೀ. ಗುಂಡೇ 5.6 ಮಿ.ಮೀ. ಇದೆ. ಅಲ್ಲಿ ಎರಡು ಮೂರು ಮಿಲಿಮೀಟರ್ ಅಂದರೆ ದೊಡ್ಡ ಮಾತು.

ಹಳೇ_ಸುಬೇದಾರ್
ನಿನ್ನ ಹಿರಿಯರ ಪರವಾಗಿ ನಾನು ಉತ್ತರ ಕೊಡುತ್ತೇನೆ ತಮ್ಮಾ. ಸೈನ್ಯದಲ್ಲಿ ರೈಫಲ್ ಹಿಡಿದೇ ಅನ್ನ ತಿಂದವನು ನಾನು. ಗುರಿ ತಪ್ಪುವುದು ಉಸಿರಿನಿಂದ, ಟ್ರಿಗರ್ ಎಳೆಯುವ ಬೆರಳಿನಿಂದ, ಗಾಳಿಯಿಂದ. ಈಗಿನವರಿಗೆ ಪ್ರತಿಯೊಂದಕ್ಕೂ ಒಂದು ಸಾಮಾನು ಬೇಕು. ಆ ದುಡ್ಡಲ್ಲಿ ಒಳ್ಳೆ ಗುಂಡು ತೆಗೆದುಕೊಂಡು ಅಭ್ಯಾಸ ಮಾಡು.

ಮತ್ತೆ, ಭಾರ ಹಾಕಿದರೆ ಯಾವ ರೈಫಲ್ ಆದರೂ ಮುಂದೆ ತೂಗಿ ಸ್ಥಿರವಾಗಿ ನಿಲ್ಲುತ್ತದೆ. ಅದಕ್ಕೆ ಟ್ಯೂನರ್ ಎಂದು ದೊಡ್ಡ ಹೆಸರು ಯಾಕೆ?

ಮಳೆಮನೆ
ಸುಬೇದಾರ್ ಸಾರ್ ಹೇಳಿದ್ದು ಅರ್ಧ ಸರಿ. ನಮ್ಮ ಊರಲ್ಲಿ ಮೊದಲು ನೋಡಬೇಕಾದದ್ದು ಬ್ಯಾರೆಲ್ ಕೂರುವ ಮರದ ಸ್ಟಾಕ್. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗಿನ ಪಾಪೋಸಿಗೂ ಬೂಸ್ಟು ಹಿಡಿಯುತ್ತದೆ. ಮರ ತೇವಕ್ಕೆ ಉಬ್ಬಿ ಬ್ಯಾರೆಲ್‌ಗೆ ಒತ್ತಿಕೊಂಡರೆ ಯಾವ ಟ್ಯೂನರ್ ಏನು ಮಾಡುತ್ತದೆ? ಒಂದು ಕಾಗದದ ಚೂರು ಬ್ಯಾರೆಲ್ ಮತ್ತು ಸ್ಟಾಕ್ ನಡುವೆ ಸರಾಗ ಓಡುತ್ತದಾ ನೋಡಿ. ಓಡದಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಆಮೇಲೆ ರೈಫಲ್ಲಿನ ಯಂತ್ರಭಾಗವನ್ನು ಮರಕ್ಕೆ ಕೂರಿಸುವ ಆಕ್ಷನ್ ತಿರುಪುಗಳ ಬಿಗಿ. ಆಮೇಲೆ ಗುಂಡಿನ ಲಾಟ್, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಕಂತು. ಟ್ಯೂನರ್ ಸರದಿ ಕೊನೆಯದು.

ಪ್ರೋನ್_ಅಕ್ಕ
ಲಾಟ್ ವಿಷಯ ನೂರಕ್ಕೆ ನೂರು ನಿಜ. ಒಂದೇ ಕಂಪನಿ, ಒಂದೇ ಹೆಸರಿನ ಡಬ್ಬಿ, ಲಾಟ್ ನಂಬರ್ ಬೇರೆ ಇದ್ದರೆ ನನ್ನ ರೈಫಲ್ ಬೇರೆಯೇ ರೈಫಲ್ ಆಗುತ್ತದೆ. ಅದಕ್ಕೇ ದೊಡ್ಡ ಮಟ್ಟದ ಶೂಟರ್‌ಗಳು ರೈಫಲ್ ತೆಗೆದುಕೊಂಡು ಹೋಗಿ ಲಾಟ್ ಆರಿಸಿಕೊಂಡು ಬರುತ್ತಾರೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಲೆ ಮಂಡಿಯೂರಿ, ಮಲಗಿ, ನಿಂತು ಹೊಡೆಯುವ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ ಕಂಚು ತಂದರಲ್ಲ, ಆ ಮಟ್ಟದಲ್ಲಿ ಯಾರೂ ಅಂಗಡಿಯಲ್ಲಿ ಸಿಕ್ಕ ಡಬ್ಬಿ ಒಡೆದು ಹೊಡೆಯುವುದಿಲ್ಲ.

ಆದರೆ ಒಂದು ಮಾತು. ಪಾಯಿಂಟ್ 22 ರಿಮ್‌ಫೈರ್, ಅಂದರೆ ತಳದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಗುಂಡನ್ನು ನಾವೇ ತುಂಬಿಕೊಳ್ಳಲು ಬರುವುದಿಲ್ಲ. ದೊಡ್ಡ ಬೋರಿನವರು ವಿದೇಶಗಳಲ್ಲಿ ಮದ್ದು ಇಷ್ಟು ಹೆಚ್ಚು, ಅಷ್ಟು ಕಡಿಮೆ ಎಂದು ತೂಕ ಮಾಡಿ ಬ್ಯಾರೆಲ್‌ಗೆ ಗುಂಡನ್ನು ಹೊಂದಿಸುತ್ತಾರೆ. ನಮಗೆ ಗುಂಡು ಬಂದ ಹಾಗೆ. ಅಂದ ಮೇಲೆ ಬ್ಯಾರೆಲ್ಲನ್ನೇ ಗುಂಡಿಗೆ ಹೊಂದಿಸಬೇಕು. ರೈಫಲ್ಲನ್ನು ಮೇಜಿನ ಮೇಲಿಟ್ಟು ಹೊಡೆಯುವ ರಿಮ್‌ಫೈರ್ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಬ್ಯಾರೆಲ್ ತುದಿಯಲ್ಲೂ ಟ್ಯೂನರ್ ಇರುವುದು ಇದಕ್ಕೇ.

ಹಳೇ_ಸುಬೇದಾರ್
ಎಲ್ಲರೂ ಹಾಕಿದ್ದಾರೆ ಅಂದರೆ ಕೆಲಸ ಮಾಡುತ್ತದೆ ಅಂತಲ್ಲ ಅಮ್ಮ. ಎಲ್ಲರೂ ತಾಯತವನ್ನೂ ಕಟ್ಟಿಕೊಳ್ಳುತ್ತಾರೆ.

ಕಾಫಿಕಣ
ಸುಬೇದಾರ್ ಸಾರ್ ಹೊಡೆದರು ಬುಲ್ಸ್ ಐ.

ನಾಪೋಕ್ಲು_ಹುಡುಗ
ಒಂದು ಡೌಟು. ಇದು ಸೈಲೆನ್ಸರ್ ಥರ ಸದ್ದು ಕಡಿಮೆ ಮಾಡುತ್ತದಾ?

ಪ್ರೋನ್_ಅಕ್ಕ
ಇಲ್ಲ ಮಗಾ. ಸದ್ದಿಗೂ ಇದಕ್ಕೂ ಸಂಬಂಧವೇ ಇಲ್ಲ. ಇದು ಬರೀ ಭಾರ. ಸೈಲೆನ್ಸರ್ ಕಾನೂನಿನ ಬೇರೆಯೇ ತಲೆನೋವು, ಆ ಕಡೆ ತಲೆ ಹಾಕಬೇಡ. ಟ್ಯೂನರ್ ಹಾಕಿಸುವುದಾದರೂ ಲೈಸೆನ್ಸ್ ಇರುವ ಗನ್‌ಸ್ಮಿತ್ ಕೈಯಲ್ಲೇ ಹಾಕಿಸು. ಮರೆ ಒಂದು ಕೂದಲು ಓರೆಯಾದರೆ ಗುಂಡು ಒಳಗೇ ತಾಗುತ್ತದೆ.

ಐಎಸ್‌ಎಸ್‌ಎಫ್ ಎಂಬ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಇದೆಯಲ್ಲ, ಅವರ ರೈಫಲ್ ನಿಯಮದಲ್ಲಿ ಹೊಗೆಯನ್ನು ತಿರುಗಿಸಿ ಬ್ಯಾರೆಲ್ ಎಗರುವುದನ್ನು, ಒದೆತವನ್ನು ತಗ್ಗಿಸುವ ಕಾಂಪೆನ್ಸೇಟರ್, ಮಜಲ್ ಬ್ರೇಕ್ ಎರಡೂ ನಿಷಿದ್ಧ. ಬ್ಯಾರೆಲ್ ಮುಂದಿನ ಕೊಳವೆಗೆ ತೂತು ಇರಬಾರದು. ಸ್ಪರ್ಧೆಗೆ ಹೋಗುವವರು ಟ್ಯೂನರನ್ನು ಮೊದಲೇ ಸಲಕರಣೆ ತಪಾಸಿಸುವ ಎಕ್ವಿಪ್‌ಮೆಂಟ್ ಕಂಟ್ರೋಲ್‌ನಲ್ಲಿ ತೋರಿಸಿ ಕೇಳಿಬಿಡಿ.

ಮಿಲಿಮೀಟರ್
ಮಡಿಕೇರಿಯವನು, ಈಗ ಮೈಸೂರಿನಲ್ಲಿ ಮೆಷಿನ್ ಡಿಸೈನ್ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಟ್ಯೂನರ್ ನಡುಕವನ್ನು ನಿಲ್ಲಿಸುತ್ತದೆ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಕಿತ್ತಳೆ ಕೀಳುವ ದೋಟಿಯ ತುದಿಗೆ ಕತ್ತಿ ಕಟ್ಟಿದರೆ ತೂಗಾಟ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಬ್ಯಾರೆಲ್ ಕಥೆಯೂ ಅಷ್ಟೆ. ಭಾರ ಹೆಚ್ಚಿದಷ್ಟೂ, ಮುಂದೆ ಸರಿದಷ್ಟೂ ನಡುಕ ನಿಧಾನ. ಗುಂಡು ಬ್ಯಾರೆಲ್ ಒಳಗೆ ಇರುವುದು ಎರಡು ಮೂರು ಮಿಲಿಸೆಕೆಂಡ್ ಮಾತ್ರ. ಬ್ಯಾರೆಲ್ ಒಂದು ಸಲ ಪೂರ್ತಿ ಮೇಲೆ ಕೆಳಗೆ ಆಡುವಷ್ಟರಲ್ಲಿ ಗುಂಡು ಹೊರಟೇ ಹೋಗಿರುತ್ತದೆ. ಹಾಗಾಗಿ ಮುಖ್ಯವಾದ ಪ್ರಶ್ನೆ ಒಂದೇ. ಗುಂಡು ಹೊರಬೀಳುವ ಹೊತ್ತಿಗೆ ಬ್ಯಾರೆಲ್ ಬಾಯಿ ಮೇಲೆ ಏರುತ್ತಿದೆಯಾ, ಕೆಳಗೆ ಇಳಿಯುತ್ತಿದೆಯಾ?

ಏರುತ್ತಿದ್ದರೆ ನಮಗೆ ಲಾಭ. ಯಾಕೆಂದರೆ ಒಂದೇ ಡಬ್ಬಿಯ ಎಲ್ಲ ಗುಂಡಿನ ವೇಗ ಒಂದೇ ಇರುವುದಿಲ್ಲ. ಸ್ಟ್ಯಾಂಡರ್ಡ್ ವೆಲಾಸಿಟಿ ಪಾಯಿಂಟ್ 22 ಸೆಕೆಂಡಿಗೆ 325 ಮೀಟರ್ ಆಸುಪಾಸು ಹೊರಡುತ್ತದೆ. ಅದರಲ್ಲಿ ಹತ್ತು ಮೀಟರ್ ಹೆಚ್ಚುಕಡಿಮೆ ಆಗುವುದು ಮಾಮೂಲು. ಆ ಹತ್ತು ಮೀಟರ್ ವ್ಯತ್ಯಾಸಕ್ಕೆ 50 ಮೀಟರ್ ದೂರದಲ್ಲಿ ಗುಂಡು ಸುಮಾರು 7 ಮಿ.ಮೀ. ಮೇಲೋ ಕೆಳಗೋ ಬೀಳುತ್ತದೆ. ನೀವು ಸೈನಿಕರಾಗಿರಿ, ಸಂತರಾಗಿರಿ, ಉಸಿರು ಎಷ್ಟೇ ಹಿಡಿಯಿರಿ, ಇದು ಹೋಗುವುದಿಲ್ಲ. ಭೂಮಿಯ ಎಳೆತ ಅದು.

ಈಗ ವೇಗದ ಗುಂಡು ಬೇಗ ಹೊರಗೆ ಬರುತ್ತದೆ. ಆಗ ಬ್ಯಾರೆಲ್ ಬಾಯಿ ಸ್ವಲ್ಪ ಕೆಳಗಿದೆ. ನಿಧಾನದ ಗುಂಡು ತಡವಾಗಿ ಬರುತ್ತದೆ. ಅಷ್ಟರಲ್ಲಿ ಬಾಯಿ ಸ್ವಲ್ಪ ಮೇಲೇರಿದೆ. ನಿಧಾನದ ಗುಂಡಿಗೆ ಮೇಲ್ಮುಖದ ತಳ್ಳು ಸಿಕ್ಕಿತು. ಲೆಕ್ಕ ಸರಿಯಾಗಿ ಕೂತರೆ ಎರಡೂ 50 ಮೀಟರ್‌ನಲ್ಲಿ ಒಂದೇ ಎತ್ತರಕ್ಕೆ ಬಂದು ತಾಗುತ್ತವೆ. ಟ್ಯೂನರ್ ಮಾಡುವುದು ಇದನ್ನು.

ಹಳೇ_ಸುಬೇದಾರ್
ಓದಲು ಚೆನ್ನಾಗಿದೆ. ಬೋರ್ಡ್ ಮೇಲೆ ಎಲ್ಲ ಚೆನ್ನಾಗಿರುತ್ತದೆ.

ಗುರಿಕಾರ_ಗೋಣಿಕೊಪ್ಪ
ಸುಬೇದಾರ್ ಸಾರ್, ಒಂದು ಕೇಳಲಾ? ನೀವು ತ್ರೀ ನಾಟ್ ತ್ರೀ ಹೊಡೆದಿದ್ದೀರಾ?

ಹಳೇ_ಸುಬೇದಾರ್
ಹೊಡೆದಿದ್ದೀರಾ ಅಂತ ಕೇಳುತ್ತೀಯಾ? ಅದನ್ನು ತಲೆದಿಂಬು ಮಾಡಿ ಮಲಗಿದ್ದೇನೆ.

ಗುರಿಕಾರ_ಗೋಣಿಕೊಪ್ಪ
ಹಾಗಾದರೆ ಇದು ನಿಮಗೆ ಗೊತ್ತೇ ಇರುತ್ತದೆ. ಆ ತ್ರೀ ನಾಟ್ ತ್ರೀ, ಅಂದರೆ ಲೀ ಎನ್‌ಫೀಲ್ಡ್ ರೈಫಲ್, ಹತ್ತಿರದ ದೂರದಲ್ಲಿ ಅಂಥ ಹೇಳಿಕೊಳ್ಳುವ ಗ್ರೂಪ್ ಕೊಡುವುದಿಲ್ಲ. ಆದರೆ 900, 1000 ಗಜಕ್ಕೆ ಹೋದರೆ ನಾಜೂಕಾದ ರೈಫಲ್‌ಗಳಿಗೂ ಸಡ್ಡು ಹೊಡೆಯುತ್ತದೆ ಎಂದು ಹೆಸರು. ಇಂಗ್ಲೆಂಡಿನ ಬಿಸ್ಲಿ ರೇಂಜ್‌ನಲ್ಲಿ ಬ್ರಿಟಿಷ್ ಶೂಟರ್‌ಗಳು ಉದ್ದ ದೂರಕ್ಕೆ ಅದನ್ನೇ ಆರಿಸುತ್ತಿದ್ದರು. ಅದರ ಬೋಲ್ಟನ್ನು ಬಿಗಿಯಾಗಿ ಹಿಡಿಯುವ ಲಗ್ ಹಿಂದೆ ಇದೆ, ಬ್ಯಾರೆಲ್ ತೆಳ್ಳಗೆ, ಹಾಗಾಗಿ ಈಡು ಹಾರಿದಾಗ ಇಡೀ ರೈಫಲ್ ಬಾಗಿ ಬಾಯಿ ಮೇಲೇರುತ್ತದೆ. ನಿಧಾನದ ಗುಂಡಿಗೆ ಹೆಚ್ಚು ಏರು ಸಿಗುತ್ತದೆ. ಮಿಲಿಮೀಟರ್ ಅಣ್ಣ ಹೇಳಿದ್ದೇ ಇದು. ಆ ರೈಫಲ್‌ನಲ್ಲಿ ಅದು ತಾನಾಗಿ ಕೂಡಿಬಂತು. ಟ್ಯೂನರ್‌ನಲ್ಲಿ ನಾವು ಕೂಡಿಸಿಕೊಳ್ಳುತ್ತೇವೆ.

ಮಿಲಿಮೀಟರ್
ಭಲೇ. ಇದು ಹೊಸ ವಿದ್ಯೆಯೂ ಅಲ್ಲ. 1901ರಲ್ಲೇ ಮ್ಯಾಲಕ್ ಎಂಬುವರು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ರೈಫಲ್ ಬ್ಯಾರೆಲ್‌ಗಳ ಕಂಪನದ ಬಗ್ಗೆ ಪ್ರಬಂಧ ಪ್ರಕಟಿಸಿದ್ದಾರೆ.

ಹಳೇ_ಸುಬೇದಾರ್
ತ್ರೀ ನಾಟ್ ತ್ರೀ ದೂರಕ್ಕೆ ಚೆನ್ನಾಗಿ ಹೊಡೆಯುತ್ತದೆ ಎನ್ನುವುದು ನಿಜ. ನಮ್ಮ ಉಸ್ತಾದರು ಹೇಳುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ಸರಿ, ಬ್ಯಾರೆಲ್ ನಡುಗುತ್ತದೆ, ಅದರಿಂದ ಲಾಭವೂ ಆಗಬಹುದು. ಅಲ್ಲಿಯವರೆಗೆ ಒಪ್ಪಿದೆ. ನಿನ್ನ ಬಳೆ ಅದನ್ನು ಮಾಡುತ್ತದೆ ಎನ್ನಲು ಏನು ಸಾಕ್ಷಿ?

ಗುರಿಕಾರ_ಗೋಣಿಕೊಪ್ಪ
ಹತ್ತು ಸೆಟ್ಟಿಂಗ್‌ಗೆ ಒಂದೊಂದು ಐದು ಗುಂಡಿನ ಗ್ರೂಪ್ ಹೊಡೆದು ನೋಡಿದೆ ಸಾರ್. ಒಂದು ಸೆಟ್ಟಿಂಗ್‌ನಲ್ಲಿ 9 ಮಿ.ಮೀ., ಇನ್ನೊಂದರಲ್ಲಿ 21. ಇದಕ್ಕಿಂತ ಏನು ಬೇಕು?

ಲೆಕ್ಕದ_ಮೇಷ್ಟ್ರು
ಇದಕ್ಕಿಂತ ತುಂಬಾ ಬೇಕು.

ನಾನು ಶೂಟರ್ ಅಲ್ಲ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಈ ಚರ್ಚೆ ನೋಡಿ ಕೈ ತುರಿಸಿತು. ಟ್ಯೂನರ್ ಇಲ್ಲದ, ಏನೂ ಬದಲಾಯಿಸದ ಒಂದು ರೈಫಲ್ ಇದೆ ಎಂದುಕೊಳ್ಳಿ. ಅದರ ಐದು ಗುಂಡಿನ ಗ್ರೂಪ್ ಸರಾಸರಿ 15 ಮಿ.ಮೀ. ಅದರಿಂದ ಹತ್ತು ಗ್ರೂಪ್ ಹೊಡೆದರೆ ಚಿಕ್ಕದು 9ರ ಹತ್ತಿರ, ದೊಡ್ಡದು 21ರ ಹತ್ತಿರ ಬರುವುದು ತೀರಾ ಸಹಜ. ಬರೀ ಅದೃಷ್ಟದಿಂದ. ಐದು ಗುಂಡಿನ ಗ್ರೂಪ್ ತನ್ನ ಸರಾಸರಿಯಿಂದ ನಾಲ್ಕನೇ ಒಂದು ಭಾಗದಷ್ಟು ಅತ್ತಿತ್ತ ಆಡುತ್ತಲೇ ಇರುತ್ತದೆ. ಬೇಕಿದ್ದರೆ ಎಕ್ಸೆಲ್‌ನಲ್ಲಿ ರ‍್ಯಾಂಡಮ್ ಸಂಖ್ಯೆ ಹಾಕಿ ನೀವೇ ನೋಡಿ. ನಿಮ್ಮ ಅಂಕಿ ನಾನು ಹೇಳಿದ ಅಂಕಿಯೇ ಆಗಿದೆ, ಗಮನಿಸಿದಿರಾ?

ಹಾಗಾಗಿ ನಿಮ್ಮ ಹಿರಿಯರು ನಗುವುದರಲ್ಲಿ ತಪ್ಪಿಲ್ಲ. ಆ ಕಾಗದದಿಂದ ಟ್ಯೂನರ್ ಕೆಲಸ ಮಾಡುತ್ತದೆ ಎಂದೂ ಹೇಳಲಾಗದು, ಮಾಡುವುದಿಲ್ಲ ಎಂದೂ ಹೇಳಲಾಗದು.

ಹಳೇ_ಸುಬೇದಾರ್
ಮೇಷ್ಟ್ರೇ, ನಮ್ಮ ಮನೆಗೆ ಊಟಕ್ಕೆ ಬನ್ನಿ. ಪಂದಿ ಕರಿ, ಕಡಂಬುಟ್ಟು ಗ್ಯಾರಂಟಿ.

ಲೆಕ್ಕದ_ಮೇಷ್ಟ್ರು
ನಾನು ಸಸ್ಯಾಹಾರಿ ಸಾರ್ 🙏 ಬಿದಿರು ಕಣಿಲೆ ಪಲ್ಯ ಇದ್ದರೆ ಖಂಡಿತ.

ಮಳೆಮನೆ
ಈ ಮಳೆಗೆ ಕಣಿಲೆ ಚೆನ್ನಾಗಿ ಬಂದಿದೆ. ಹುಳಿ ಬರುವ ತನಕ ನೀರಲ್ಲಿ ನೆನೆಸಬೇಕು, ಅವಸರ ಮಾಡಿದರೆ ಕಹಿ.

ನಾಪೋಕ್ಲು_ಹುಡುಗ
ನಮ್ಮ ಕಡೆ ಕಣಿಲೆಗೆ ಹೋದರೆ ಆನೆ ಮೊದಲೇ ಬಂದು ಹೋಗಿರುತ್ತದೆ.

ಮಿಲಿಮೀಟರ್
ವಿಷಯಕ್ಕೆ ಬರೋಣ. ಸಂದೇಹ ಪಡುವವರ ಪರವಾಗಿ ಇನ್ನೊಂದು ಮಾತು ನಾನೇ ಹೇಳಿಬಿಡುತ್ತೇನೆ. ಒಂದು ಕ್ಲಿಕ್ಕಿಗೆ ಇಂಚಿನ ಸಾವಿರದ ಒಂದು ಭಾಗ ಸರಿಯುವ ಟ್ಯೂನರ್‌ಗಳಿವೆ. ಮಿಲಿಮೀಟರ್ ಲೆಕ್ಕದಲ್ಲಿ 0.025. ಅರವತ್ತು ಸೆಂಟಿಮೀಟರ್ ಮೀರಿದ ಬ್ಯಾರೆಲ್ ತುದಿಯಲ್ಲಿ ಭಾರ ಇಷ್ಟೇ ಸರಿದರೆ ನಡುಕದ ವೇಗ ಬದಲಾಗುವುದು ಲೆಕ್ಕಕ್ಕೆ ಸಿಗದಷ್ಟು. "ಒಂದು ಕ್ಲಿಕ್ ಹಾಕಿದೆ, ಗ್ರೂಪ್ ಒಂದೇ ತೂತಾಯಿತು" ಎಂದು ವಿಡಿಯೊ ಮಾಡುವವರನ್ನು ನಾನೂ ನಂಬುವುದಿಲ್ಲ. ಭಾರ ಎಷ್ಟು, ಬಾಯಿಯಿಂದ ಎಷ್ಟು ಮುಂದೆ ಎನ್ನುವ ದೊಡ್ಡ ಬದಲಾವಣೆಗೆ ಪರಿಣಾಮ ಇದೆ. ಕ್ಲಿಕ್ ಕ್ಲಿಕ್ಕಿಗೆ ಇದೆ ಎನ್ನುವುದು ಹೆಚ್ಚಿನ ಸಲ ಮೇಷ್ಟ್ರು ಹೇಳಿದ ಅದೃಷ್ಟದ ಆಟ.

ಪ್ರೋನ್_ಅಕ್ಕ
ಇದನ್ನು ಸ್ವಲ್ಪ ವಿರೋಧಿಸುತ್ತೇನೆ. ಬೆಂಚ್‌ರೆಸ್ಟ್‌ನವರು ಕೆಲವೇ ಕ್ಲಿಕ್ ತಿರುಗಿಸಿ ವ್ಯತ್ಯಾಸ ನೋಡಿದ್ದೇವೆ ಎನ್ನುತ್ತಾರೆ. ಅವರೆಲ್ಲ ಮೂರ್ಖರಾ?

ಮಿಲಿಮೀಟರ್
ಮೂರ್ಖರಲ್ಲ ಅಕ್ಕ. ಅವರ ಕೈಚಳಕ, ಗಾಳಿ ಓದುವುದು ನಮಗಿಂತ ಎಷ್ಟೋ ಮೇಲೆ. ಆದರೆ ಒಳ್ಳೆಯ ಶೂಟರ್ ಒಳ್ಳೆಯ ಪ್ರಯೋಗ ಮಾಡುತ್ತಾನೆ ಎಂದೇನಿಲ್ಲ.

ಕಾಫಿಕಣ
ಹಿಂದೆ ಬ್ರೌನಿಂಗ್ ಕಂಪನಿ ಬೇಟೆ ರೈಫಲ್‌ಗೆ ಬಾಸ್ ಅಂತ ಏನೋ ಹಾಕಿ ಮಾರುತ್ತಿತ್ತಲ್ಲ, ಅದೂ ಇದೇನಾ? ನಮ್ಮ ಚಿಕ್ಕಪ್ಪ ಆ ಜಾಹೀರಾತಿನ ಪುಸ್ತಕ ಇನ್ನೂ ಇಟ್ಟುಕೊಂಡಿದ್ದಾರೆ. ರೈಫಲ್ ಮಾತ್ರ ಇಲ್ಲ.

ಮಿಲಿಮೀಟರ್
ಹೌದು, 1990ರ ದಶಕದ್ದು. ತತ್ವ ಇದೇ. ಗುಂಡಿನ ತೂಕಕ್ಕೆ ತಕ್ಕಂತೆ ಎಲ್ಲಿಂದ ಶುರು ಮಾಡಬೇಕು ಎಂದು ಪಟ್ಟಿಯನ್ನೂ ಕೊಡುತ್ತಿದ್ದರು. ಅದರ ಮೊದಲ ಮಾದರಿಗೆ ಮಜಲ್ ಬ್ರೇಕೂ ಸೇರಿತ್ತು, ಕಿವಿ ಹರಿಯುವ ಸದ್ದು. ಆಮೇಲೆ ಬ್ರೇಕ್ ಇಲ್ಲದ್ದೂ ಬಂತು.

ನಾಪೋಕ್ಲು_ಹುಡುಗ
50 ಮೀಟರ್‌ಗೆ ಹೊಂದಿಸಿದರೆ 100 ಮೀಟರ್‌ಗೂ ನಡೆಯುತ್ತದಾ ಅಣ್ಣ?

ಮಿಲಿಮೀಟರ್
ಇಲ್ಲ. ಅದೇ ಹತ್ತು ಮೀಟರ್ ವೇಗದ ವ್ಯತ್ಯಾಸಕ್ಕೆ 100 ಮೀಟರ್‌ನಲ್ಲಿ ಮೂರು ಸೆಂಟಿಮೀಟರ್ ಹತ್ತಿರ ವ್ಯತ್ಯಾಸ ಬರುತ್ತದೆ. ದೂರ ಎರಡರಷ್ಟಾದರೆ ಬೀಳುವುದು ನಾಲ್ಕರಷ್ಟು. ಬ್ಯಾರೆಲ್ ಕೊಡುವ ಏರು ಮಾತ್ರ ದೂರದ ಜೊತೆ ಎರಡರಷ್ಟೇ ಆಗುತ್ತದೆ. ಹಾಗಾಗಿ ಒಂದು ದೂರಕ್ಕೆ ಒಂದು ಸೆಟ್ಟಿಂಗ್. ಸುಬೇದಾರ್ ಸಾರ್ ಅವರ ತ್ರೀ ನಾಟ್ ತ್ರೀ ಸಾವಿರ ಗಜಕ್ಕೆ ಹೊಂದಿ ಇನ್ನೂರು ಗಜಕ್ಕೆ ಹೊಂದದೇ ಇರುವುದು ಇದಕ್ಕೇ.

ಗುರಿಕಾರ_ಗೋಣಿಕೊಪ್ಪ
ಮೇಷ್ಟ್ರೇ, ಹಾಗಾದರೆ ಎಷ್ಟು ಗುಂಡು ಹೊಡೆದರೆ ನೀವು ಒಪ್ಪುತ್ತೀರಿ?

ಲೆಕ್ಕದ_ಮೇಷ್ಟ್ರು
ಹರಡುವಿಕೆ ನಾಲ್ಕನೇ ಒಂದು ಭಾಗ ಕಡಿಮೆಯಾಗಿದೆ ಎಂದು ತಕ್ಕಮಟ್ಟಿನ ಧೈರ್ಯದಿಂದ ಹೇಳಬೇಕಾದರೆ ಹೋಲಿಸುವ ಒಂದೊಂದು ಸೆಟ್ಟಿಂಗ್‌ಗೆ ಕನಿಷ್ಠ ಐವತ್ತು. ಅದೂ ಎತ್ತರ ಮಾತ್ರ ಅಳೆಯಿರಿ. ಅಡ್ಡಕ್ಕೆ ಗಾಳಿ ತಲೆ ಕೆಡಿಸುತ್ತದೆ. ಪ್ರತಿ ಗುಂಡಿನ ಎತ್ತರ ಬರೆದುಕೊಳ್ಳಿ, ಗ್ರೂಪಿನ ಎರಡು ತುದಿ ಮಾತ್ರ ಅಳೆದರೆ ನಡುವಿನ ಗುಂಡುಗಳೆಲ್ಲ ದಂಡ.

ಕಾಫಿಕಣ
ಐವತ್ತೂ ಐವತ್ತೂ ನೂರು! ನಮ್ಮ ಕೋವಿ ಲೈಸೆನ್ಸ್ ವಿನಾಯಿತಿ ಪ್ರಕಾರ ಒಂದು ರೈಫಲ್‌ಗೆ ಇರುವುದೇ ನೂರು ಗುಂಡು. ಸರ್ಕಾರಕ್ಕೆ ಸಂಖ್ಯಾಶಾಸ್ತ್ರ ಗೊತ್ತಿತ್ತು ನೋಡಿ.

ಹಳೇ_ಸುಬೇದಾರ್
ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ 2029ರ ತನಕ ಇದೆ. ಅದರಲ್ಲಿ ತಮಾಷೆ ಮಾಡಬೇಡಿ. ಕೋವಿ ನಮಗೆ ಹುಟ್ಟಿಗೂ ಬೇಕು, ಸಾವಿಗೂ ಬೇಕು.

ಕಾಫಿಕಣ
ತಮಾಷೆ ಗುಂಡಿನ ಲೆಕ್ಕದ್ದು ಸಾರ್, ಕೋವಿಯದ್ದಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಎನ್ನುತ್ತಾರಲ್ಲ, ಆ ವಿಷಯ ತೆಗೆದರೆ ನಾನೂ ತಮಾಷೆ ಬಿಡುತ್ತೇನೆ.

ನಿರ್ವಾಹಕ
ಠಾಣೆ ವಿಷಯಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ಜಗಳ ಆಗಿದೆ. ಇಲ್ಲಿ ಟ್ಯೂನರ್ ಮಾತ್ರ. ಗುಂಡು ಕೊಡುತ್ತೇನೆ, ತೆಗೆದುಕೊಳ್ಳುತ್ತೇನೆ ಎನ್ನುವ ಕಾಮೆಂಟ್ ಹಾಕಿದರೆ ಅಳಿಸುತ್ತೇನೆ. ಒಂದನ್ನು ಈಗಷ್ಟೇ ಅಳಿಸಿದೆ.

ಮಿಲಿಮೀಟರ್
ಕಡಿಮೆ ಗುಂಡಿನಲ್ಲಿ ಹೆಚ್ಚು ಗಟ್ಟಿ ಸಾಕ್ಷಿ ಸಿಗುವ ದಾರಿ ಇದೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಡಿ. ಪ್ರತಿ ಗುಂಡಿನ ವೇಗ, ಅದು ತಾಗಿದ ಎತ್ತರ, ಎರಡನ್ನೂ ಜೋಡಿಯಾಗಿ ಬರೆಯಿರಿ. ನಕ್ಷೆ ಹಾಕಿ. ಟ್ಯೂನರ್ ಏನೂ ಮಾಡದಿದ್ದರೆ ನಿಧಾನದ ಗುಂಡು ಕೆಳಗೆ, ವೇಗದ್ದು ಮೇಲೆ, ಗೆರೆ ಓರೆಯಾಗಿ ಹತ್ತುತ್ತದೆ. ಕೆಲಸ ಮಾಡುತ್ತಿದ್ದರೆ ಗೆರೆ ಮಟ್ಟಸವಾಗಿ ಮಲಗುತ್ತದೆ. ಬರೀ ಗ್ರೂಪ್ ಚಿಕ್ಕದಾಯಿತು ಎನ್ನುವುದಕ್ಕಿಂತ ಇದು ಮೇಲು. ಯಾಕೆ ಚಿಕ್ಕದಾಯಿತು ಎಂದೂ ಗೊತ್ತಾಗುತ್ತದೆ.

ಲೆಕ್ಕದ_ಮೇಷ್ಟ್ರು
ಇದು ಬಹಳ ಒಳ್ಳೆಯ ಪ್ರಯೋಗ. ಎರಡು ಷರತ್ತು ಸೇರಿಸುತ್ತೇನೆ.

ಹೊಡೆಯುವವರಿಗೆ ಸೆಟ್ಟಿಂಗ್ ಯಾವುದು ಎಂದು ತಿಳಿಯಬಾರದು. ಗೊತ್ತಿದ್ದರೆ ಕೈ ತಾನಾಗಿ ಹೆಚ್ಚು ಜಾಗ್ರತೆ ಮಾಡುತ್ತದೆ, ಮೋಸ ಮಾಡುವ ಉದ್ದೇಶ ಬೇಕಾಗಿಲ್ಲ. ಟ್ಯೂನರ್ ತೆಗೆದು ಹಾಕಿ ಮಾಡಿದರೆ ತೂಕದಲ್ಲೇ ಗೊತ್ತಾಗಿಬಿಡುತ್ತದೆ. ಆದ್ದರಿಂದ ಟ್ಯೂನರ್ ಯಾವಾಗಲೂ ಇರಲಿ. ಒಳ್ಳೆಯದು ಎನ್ನುವ ಸೆಟ್ಟಿಂಗ್ ಒಂದು, ಕೆಟ್ಟದ್ದು ಎನ್ನುವುದು ಒಂದು. ಬೇರೆಯವರು ತಿರುಗಿಸಿ ಬಟ್ಟೆ ಮುಚ್ಚಲಿ.

ಆರಿಸಲು ಬಳಸಿದ ಕಾಗದವನ್ನೇ ಸಾಕ್ಷಿಗೆ ತರಬಾರದು. ಆರಿಸುವುದು ಒಂದು ದಿನ, ಪರೀಕ್ಷೆ ಇನ್ನೊಂದು ದಿನ.

ಪ್ರೋನ್_ಅಕ್ಕ
ಹೀಗೆ ಮಾಡಿದರೆ ಸುಬೇದಾರ್ ಸಾರ್ ಹೇಳಿದ "ಬರೀ ಭಾರದ ಮಹಿಮೆ" ಎನ್ನುವ ಮಾತಿಗೂ ಉತ್ತರ ಸಿಗುತ್ತದೆ. ಎರಡೂ ಕಡೆ ತೂಕ ಒಂದೇ ಅಲ್ವಾ.

ಸೆಟ್ಟಿಂಗ್ ಬದಲಾದರೆ ಗುಂಡು ತಾಗುವ ಜಾಗವೂ ಸ್ವಲ್ಪ ಸರಿಯುತ್ತದೆ, ಅದು ನೆನಪಿರಲಿ. ಗುರಿ ನೋಡುವ ಸೈಟ್ ಮುಟ್ಟಬೇಡಿ. ಪ್ರತಿ ಸೆಟ್ಟಿಂಗ್‌ನ ಹರಡುವಿಕೆಯನ್ನು ಅದರದೇ ನಡುವಿನಿಂದ ಅಳೆಯಿರಿ. ಶೂಟರ್‌ಗೆ ತೂತು ನೋಡುವ ದುರ್ಬೀನು, ಸ್ಪಾಟಿಂಗ್ ಸ್ಕೋಪ್ ಕೊಡಬೇಡಿ, ನೋಡಿದರೆ ಊಹಿಸಿಬಿಡುತ್ತಾರೆ.

ಹಳೇ_ಸುಬೇದಾರ್
ನಾನೇ ಹೊಡೆಯುತ್ತೇನೆ. ನಿನ್ನ ರೈಫಲ್, ನನ್ನ ಬೆರಳು. ನಂಬದವನೇ ಹೊಡೆದರೆ ಯಾರೂ ಆಡಿಕೊಳ್ಳಲಾರರು.

ಗುರಿಕಾರ_ಗೋಣಿಕೊಪ್ಪ
ಸಾರ್, ನೀವು ಬೇಕಂತ ಕೆಟ್ಟದಾಗಿ ಹೊಡೆದರೆ?

ಹಳೇ_ಸುಬೇದಾರ್
ಯಾವ ಸೆಟ್ಟಿಂಗ್ ಎಂದು ಗೊತ್ತಿಲ್ಲದೆ ಯಾವುದನ್ನು ಕೆಟ್ಟದಾಗಿ ಹೊಡೆಯಲಿ ಮಾರಾಯ? ಮೇಷ್ಟ್ರ ಪಾಠ ನನಗೆ ಅರ್ಥವಾಯಿತು, ನಿನಗೆ ಆಗಲಿಲ್ಲ.

ಕಾಫಿಕಣ
😂😂

ಗುರಿಕಾರ_ಗೋಣಿಕೊಪ್ಪ
ಆಯಿತು ಸಾರ್, ಒಪ್ಪಿದೆ. ರೇಂಜ್‌ನಲ್ಲೇ, ಬೆಂಚ್ ಮೇಲೆ, ಮುಂದೆ ಹಿಂದೆ ಮರಳು ಚೀಲ ಇಟ್ಟು. ಕ್ರೋನೋಗ್ರಾಫ್ ಮಿಲಿಮೀಟರ್ ಅಣ್ಣ ತರಬೇಕು. ಮಳೆ ಬಿಡಲಿ.

ಮಳೆಮನೆ
ಮಳೆ ಬಿಟ್ಟ ಕೂಡಲೇ ಬೇಡ. ಸ್ಟಾಕ್ ಒಣಗಲು ಸಮಯ ಕೊಡಿ. ಪುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಇಟ್ಟುಕೊಂಡರೆ ಗಾಳಿ ತೇವ ಎರಡೂ ಹದವಾಗಿರುತ್ತದೆ.

ಪ್ರೋನ್_ಅಕ್ಕ
ಗುಂಡು ಒಂದೇ ಲಾಟ್‌ನದ್ದು ಈಗಲೇ ಎತ್ತಿಡಿ. ಆಗ ಹುಡುಕಿದರೆ ಸಿಗುವುದಿಲ್ಲ. ಬ್ಯಾರೆಲ್ ತೊಳೆದ ಮೇಲಿನ ಮೊದಲ ಕೆಲವು ಗುಂಡು ಲೆಕ್ಕಕ್ಕೆ ಹಿಡಿಯಬೇಡಿ.

ಕಾಫಿಕಣ
ಹಾಗಾದರೆ ನೂರರ ಲೆಕ್ಕ ಕೆಟ್ಟಿತು. ಮೊದಲು ಗುರಿ ಹೊಂದಿಸಿಕೊಳ್ಳಲು ಹೊಡೆಯುವ ಸೈಟರ್‌ಗೆ ಗುಂಡು ಎಲ್ಲಿಂದ?

ಲೆಕ್ಕದ_ಮೇಷ್ಟ್ರು
ವೇಗವನ್ನೂ ಅಳೆಯುವುದರಿಂದ ಸೆಟ್ಟಿಂಗ್‌ಗೆ ನಲವತ್ತು ನಲವತ್ತು ಇದ್ದರೂ ಗೆರೆ ಓರೆಯೋ ಮಟ್ಟವೋ ಎಂದು ಗೊತ್ತಾಗುತ್ತದೆ. ಉಳಿದ ಇಪ್ಪತ್ತು ಸೈಟರ್‌ಗೆ, ಬ್ಯಾರೆಲ್ ಹದಕ್ಕೆ.

ಆದರೆ ಮೊದಲು ಒಂದು ಸೆಟ್ಟಿಂಗ್‌ನ ನಲವತ್ತೂ ಮುಗಿಸಿ ಆಮೇಲೆ ಇನ್ನೊಂದು ಎಂದು ಮಾಡಬೇಡಿ. ಬ್ಯಾರೆಲ್ ಬಿಸಿಯಾಗುತ್ತದೆ, ಕೈ ಸೋಲುತ್ತದೆ, ಎಲ್ಲ ಕೆಡುಕೂ ಎರಡನೆಯದರ ತಲೆಗೆ ಬರುತ್ತದೆ. ಐದೈದು ಗುಂಡಿನ ಕಂತು ಮಾಡಿ, ಸರದಿ ಚೀಟಿ ಎತ್ತಿ ನಿರ್ಧರಿಸಿ. ಚೀಟಿ ನಾನು ಬರೆದು ಮೊಹರು ಹಾಕಿದ ಲಕೋಟೆಯಲ್ಲಿ ತರುತ್ತೇನೆ.

ನಾಪೋಕ್ಲು_ಹುಡುಗ
ಟ್ಯೂನರ್ ತಿರುಗಿಸುವ ಕೆಲಸ ನನಗೆ ಕೊಡಿ ಪ್ಲೀಸ್.

ಹಳೇ_ಸುಬೇದಾರ್
ಕೊಡೋಣ. ಬೋಲ್ಟ್ ತೆಗೆದು ಮೇಜಿನ ಮೇಲಿಟ್ಟ ಮೇಲೆ ಮಾತ್ರ ಬ್ಯಾರೆಲ್ ಮುಂದೆ ಕೈ. ಅದು ತಪ್ಪಿದರೆ ಪ್ರಯೋಗವೂ ಇಲ್ಲ, ಊಟವೂ ಇಲ್ಲ.